ಅಂಗಳದಲ್ಲೊಂದು ಅಡುಗೆಮನೆ

ನನ್ನ ಅತ್ತೆ ಮುನಿವೆಂಕಟಮ್ಮನಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ಮನೆಗೆ ಹೊಸದಾಗಿ ಬಂದವರಿಗೆ ಊಟ ಮುಗಿಸಿ ಕೈ ತೊಳೆಯುವವರೆಗೂ ಇದು ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ "ಅಯ್ಯೋ ಪಾಪ!" ಎನ್ನುತ್ತಾರೆ. ನನಗೆ ಮೈ ಉರಿದುಹೋಗುತ್ತದೆ. ಈಗ ತಾನೇ ಎರಡು ಮುದ್ದೆ ಇಳಿಸಿ, ತಟ್ಟೆ ಎತ್ತಿ ಸಾರು ಕುಡಿದು, ಪಾಪವಂತೆ!

ನಾನು ಸೊಸೆಯಾಗಿ ಈ ಮನೆಗೆ ಬರುವ ಹೊತ್ತಿಗೇ ಅವರ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಯಂತೆ. ನೋವಿಲ್ಲವಲ್ಲ ಎಂದು ಸುಮ್ಮನಿದ್ದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸುವಷ್ಟರಲ್ಲಿ ನರ ಒಣಗಿಹೋಗಿತ್ತು. ಮಾವನವರು ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಇನ್ನು ಈಯಮ್ಮ ಜಗಲಿ ಸೇರಿದಳು ಎಂದು ಊರವರೆಲ್ಲ ಅಂದುಕೊಂಡರಂತೆ. ಅತ್ತೆ ತಿಂಗಳೊಪ್ಪತ್ತು ಅತ್ತರು. ಆಮೇಲೆ ಒಂದು ಬೆಳಗ್ಗೆ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ, ಮಣೆಯ ಮೇಲೆ ಕುಳಿತು, ಒಲೆ ಹಚ್ಚಿದರು. ಅಲ್ಲಿಂದಾಚೆಗೆ ಈ ಮನೆಯ ಅಡುಗೆ ಬೇರೆಯವರ ಕೈಗೆ ಹೋಗಿಲ್ಲ.

"ಮುದ್ದೆಗೆ ಹಿಟ್ಟು ಯಾವಾಗ ಹಾಕ್ಬೇಕು ಅಂತ ಹೆಂಗೆ ಗೊತ್ತಾಗ್ತದೆ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಎಸರು ಮೊದ್ಲು ಗುಸುಗುಸು ಅಂತದೆ. ಆಮೇಲೆ ಜಗಳಕ್ಕೆ ನಿಲ್ತದೆ. ಜಗಳಕ್ಕೆ ನಿಂತಾಗ ಹಿಟ್ಟು ಸುರಿದ್ಬಿಡು, ಬಾಯಿ ಮುಚ್ಕೊಂತದೆ," ಎಂದರು. ಸ್ವಲ್ಪ ತಡೆದು, "ಥೇಟ್ ನಿನ್ನಂಗೇ," ಎಂದೂ ಸೇರಿಸಿದರು.

ಉಪ್ಪು, ಹುಣಸೆ, ಖಾರದಪುಡಿ, ಒಗ್ಗರಣೆ ಸೌಟು, ಎಲ್ಲವೂ ಮಣೆಯ ಸುತ್ತ ಕೈಗೆಟಕುವ ಹಾಗೆ ಇರುತ್ತಿದ್ದವು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಗಂಡ ಕೆಂಪರಾಜ್‌ನ ಅಕ್ಕ ಪ್ರಮೋದಾಳನ್ನು ನೆಲಮಂಗಲಕ್ಕೆ ಕೊಟ್ಟಿದೆ. ಒಮ್ಮೆ ಹಬ್ಬಕ್ಕೆ ಬಂದವಳು ಅವ್ವನಿಗೆ ಅನುಕೂಲವಾಗಲಿ ಎಂದು ಡಬ್ಬಗಳನ್ನೆಲ್ಲ ತೊಳೆದು, ದೊಡ್ಡದು ಚಿಕ್ಕದು ಎಂದು ಚೆಂದವಾಗಿ ಸಾಲು ಹಿಡಿಸಿಟ್ಟಳು. ಅವತ್ತು ಸಾರಿಗೆ ಸಕ್ಕರೆ ಬಿತ್ತು. ಅತ್ತೆ ಸೌಟು ಹಿಡಿದು ಆಚೆ ಬಂದು, "ಯಾವಳೇ ಅವಳು ನನ್ನ ಉಪ್ಪು ಎತ್ತಿಟ್ಟವಳು?" ಎಂದು ಕೂಗಿದ ಕೂಗಿಗೆ ಪ್ರಮೋದಕ್ಕ ಕೊಟ್ಟಿಗೆ ಸೇರಿಕೊಂಡಳು. ಹಬ್ಬದ ಸೀರೆಯಲ್ಲೇ.

ನನ್ನ ವಿಷಯ ಹೇಳಬೇಕೆಂದರೆ, ನಾನು ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಗಾಡಿಗಳಿಗೆ ವೈರು ಜೋಡಿಸುವ ಕೆಲಸ ಮಾಡುತ್ತೇನೆ. ಸೇರುವಾಗ ಕೆಂಪರಾಜ್ ಮೀನಮೇಷ ಎಣಿಸಿದ್ದ. ಹೊಲ ನೋಡಿಕೊಂಡು, ತರಕಾರಿಯನ್ನು ಗೂಡ್ಸ್ ಆಟೋದಲ್ಲಿ ಹೊಸಕೋಟೆ ಮಾರ್ಕೆಟ್ಟಿಗೆ ಹೊಡೆಯುವವನು ಅವನು. ಮನೆಯಲ್ಲಿ ಕಣ್ಣಿಲ್ಲದ ತಾಯಿಯನ್ನು ಬಿಟ್ಟು ಹೆಂಡತಿ ಶಿಫ್ಟಿಗೆ ಹೋದರೆ ಜನ ಏನಂದಾರು ಎಂಬುದು ಅವನ ಚಿಂತೆ. ಒಳಗಿನಿಂದ ಅತ್ತೆಯ ದನಿ ಬಂತು. "ಅವಳು ಹೋಗ್ಲಿ ಬಿಡೋ. ಅಡಿಗೆ ನಂದು." ಅಷ್ಟೇ. ಮಾತು ಮುಗಿಯಿತು.

ಅವತ್ತಿನಿಂದ ನಾನು ಬಿಸಿ ಊಟಕ್ಕೆ ಮನೆಗೆ ಬರುವ ಹೆಂಗಸು. ಕಾರ್ಖಾನೆ ಬಸ್ಸಿನಲ್ಲಿ ಉಳಿದವರೆಲ್ಲ ಹೊಸಕೋಟೆ ತಿರುವು ಬಂತೆಂದರೆ ಮನೆಗೆ ಹೋಗಿ ಏನು ಬೇಯಿಸುವುದು ಎಂದು ಮುಖ ಹಿಂಡಿಕೊಳ್ಳುತ್ತಾರೆ. ನಾನು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತೇನೆ. ನಾನು ನಮ್ಮ ತಂಡಕ್ಕೆ ಲೈನ್ ಲೀಡರ್ ಆದದ್ದು ಆ ನಿದ್ದೆಯ ದೆಸೆಯಿಂದ, ಆ ನಿದ್ದೆ ಬಂದದ್ದು ಅತ್ತೆಯ ದೆಸೆಯಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅತ್ತೆಯ ಮುಂದೆ ಮಾತ್ರ ಹೇಳಿರಲಿಲ್ಲ, ಹೇಳಿದರೆ ಬೈಯುತ್ತಾರೆ.

ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ಮೇಲಿನ ಕಲ್ಲುಚಪ್ಪಡಿ ಬಿರುಕು ಬಿಟ್ಟಿತು. ಮಣ್ಣಿನ ಗೋಡೆ ಹೊಟ್ಟೆ ಬಂದ ಹಾಗೆ ಆಚೆಗೆ ಉಬ್ಬಿತು. ಮೇಸ್ತ್ರಿ ಜವರಪ್ಪ ಬಂದು ಅಲ್ಲಿ ಇಲ್ಲಿ ತಟ್ಟಿ ನೋಡಿ, "ಇದು ಇನ್ನೊಂದು ಮಳೆಗಾಲ ತಡಿಯಲ್ಲ ಕೆಂಪರಾಜಣ್ಣ. ಯಾರ ತಲೆ ಮೇಲಾದ್ರೂ ಬೀಳೋ ಮುಂಚೆ ಕೆಡವ್ಬಿಡಿ," ಎಂದ. ತೀರ್ಮಾನವಾಯಿತು. ಯುಗಾದಿ ಕಳೆಯುತ್ತಲೇ ಕೆಡವುವುದು, ಮಳೆ ಹಿಡಿಯುವುದರೊಳಗೆ ಹೊಸ ಅಡುಗೆಮನೆ ಎಬ್ಬಿಸುವುದು. ಜಾಗ ಮನೆಯ ಇನ್ನೊಂದು ಮೂಲೆಗೆ, ಆಗ್ನೇಯಕ್ಕೆ. ನಿಂತು ಅಡುಗೆ ಮಾಡುವ ಗ್ರಾನೈಟ್ ಕಟ್ಟೆ, ಗ್ಯಾಸು, ಸಿಂಕು, ಗೋಡೆಗೆಲ್ಲ ಹೊಳೆಯುವ ಟೈಲ್ಸು. ಕೆಂಪರಾಜ್ ಮೊಬೈಲಿನಲ್ಲಿ ಫೋಟೋ ತೋರಿಸಿ ತೋರಿಸಿ ನನ್ನ ತಲೆ ತಿಂದ.

ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಕಟ್ಟಿಸ್ಕೊಳ್ರಪ್ಪ, ಚೆನ್ನಾಗಿರ್ಲಿ. ನಂಗೊಂದು ಮೂಲೆ ಕೊಡಿ, ಕೂತ್ಕೊಂಡಿರ್ತೀನಿ," ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಆಯಮ್ಮನಿಗೆ ಕೋಪ ಬರಲಿಲ್ಲವೆಂದರೆ ಒಳಗೆ ಏನೋ ಮುರಿದಿದೆ ಎಂದೇ ಅರ್ಥ.

ಪ್ರಮೋದಕ್ಕ ಫೋನಿನಲ್ಲಿ, "ಒಳ್ಳೇದೇ ಆಯ್ತು ಬಿಡು ನವ್ಯಾ. ಅವ್ವ ಜೀವಮಾನವೆಲ್ಲ ದುಡಿದವ್ಳೆ. ಇನ್ನಾದ್ರೂ ಆರಾಮಾಗಿ ಕೂತ್ಕೊಳ್ಲಿ," ಎಂದಳು. ಆರಾಮು! ಕೈತುಂಬ ಕೆಲಸವಿರುವ ಹೆಂಗಸನ್ನು ಒಯ್ದು ಮೂಲೆಯಲ್ಲಿ ಕೂರಿಸಿ, ಮೂರು ಹೊತ್ತು ತಟ್ಟೆ ಹಿಡಿಯುವುದು ಆರಾಮೇ? ಕಣ್ಣು ಹೋದಾಗ ಅತ್ತಿದ್ದ ಆ ತಿಂಗಳೇ ಮತ್ತೆ ಬರುತ್ತದೆ, ಈ ಸಲ ಮುಗಿಯುವುದೇ ಇಲ್ಲ. ನನ್ನ ಸ್ವಾರ್ಥವೂ ಇತ್ತು, ಇಲ್ಲವೆನ್ನುವುದಿಲ್ಲ. ಅವರು ಒಲೆ ಬಿಟ್ಟರೆ ನಾನು ಕೆಲಸ ಬಿಡಬೇಕು. ಆದರೆ ಮೊದಲಿನದೇ ನನ್ನ ನಿದ್ದೆಗೆಡಿಸಿತು.

ಯೋಚನೆ ಹೊಳೆದದ್ದು ಕಾರ್ಖಾನೆಯಲ್ಲಿ. ನಮ್ಮಲ್ಲಿ ಹೊಸ ಲೈನ್, ಅಂದರೆ ಮೆಷಿನ್‌ಗಳ ಸಾಲು, ಹಾಕುವ ಮುಂಚೆ ನೆಲಕ್ಕೆ ಹಳದಿ ಟೇಪು ಅಂಟಿಸಿ, ರಟ್ಟಿನ ಪೆಟ್ಟಿಗೆಗಳನ್ನೇ ಮೆಷಿನ್ ಎಂದುಕೊಂಡು ಜೋಡಿಸಿ, ನಮ್ಮನ್ನು ನಿಲ್ಲಿಸಿ ಬರಿಗೈಯಲ್ಲಿ ಕೆಲಸ ಮಾಡಿಸುತ್ತಾರೆ. ಕೈ ಎಲ್ಲಿ ಎಟುಕುವುದಿಲ್ಲ, ಮೊಣಕೈ ಯಾರಿಗೆ ತಗಲುತ್ತದೆ, ಎಲ್ಲ ಆಗಲೇ ತಿಳಿಯುತ್ತದೆ. ಕಬ್ಬಿಣ ಕೂರಿಸಿದ ಮೇಲೆ ಕೀಳುವುದಕ್ಕಿಂತ ರಟ್ಟು ಸರಿಸುವುದು ಸುಲಭ. ನಮ್ಮ ಮನೆಗೆ ಇಟ್ಟಿಗೆ ಆಗಲೇ ಬಂದು ಬಿದ್ದಿತ್ತು. ಹಿತ್ತಿಲಲ್ಲಿ ದನ, ಮೆದೆ. ಹಾಗಾಗಿ ಜಾಗವಿದ್ದದ್ದು ಮುಂದಿನ ಅಂಗಳದಲ್ಲೇ.

ಜವರಪ್ಪನನ್ನು ಹಿಡಿದು, "ಹೊಸ ಅಡಿಗೆಮನೆ ಎಷ್ಟಿರ್ತದೋ ಅಷ್ಟನ್ನೂ ಅಂಗಳದಲ್ಲಿ ಗಾರೆ ಇಲ್ದೆ ಜೋಡ್ಸಿಕೊಡು. ಕಟ್ಟೆ, ಸಿಂಕು, ಬಾಗಿಲು, ಎಲ್ಲ," ಎಂದೆ.

"ಏನಮ್ಮಾ, ಮಕ್ಕಳಾಟನಾ?" ಎಂದ.

"ಹೂಂ, ಮಕ್ಕಳಾಟನೇ. ಆಡು."

ಅತ್ತೆಯಂತೂ ಮೊದಲ ದಿನ ನನ್ನನ್ನು ಹರಿದು ತಿಂದರು. "ಊರೆಲ್ಲ ನೋಡ್ಲಿ ಅಂತ ನನ್ನ ಬೀದೀಲಿ ನಿಲ್ಲಿಸ್ತೀಯೇನೇ? ಮಾಡಕ್ಕೆ ಬೇರೆ ಕ್ಯಾಮೆ ಇಲ್ವಾ?" ಎಂದು. ನಾನೂ ಬಿಡಲಿಲ್ಲ. "ಮೂಲೇಲಿ ಕೂತ್ಕೊಂತೀರೋ, ಬೀದೀಲಿ ನಿಂತ್ಕೊಂತೀರೋ? ಒಂದು ಹೇಳ್ಬಿಡಿ ಅತ್ತೆ," ಎಂದುಬಿಟ್ಟೆ. ಅವರು ಮುಖ ಗಂಟಿಕ್ಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಚಾಚಿದರು. ನಾನು ಆ ಕೈಯನ್ನು ಇಟ್ಟಿಗೆಯ ಕಟ್ಟೆಯ ಮೇಲಿಟ್ಟೆ.

ಸಂಕ್ರಾಂತಿ ಕಳೆದಾಗಿನಿಂದ ಯುಗಾದಿಯವರೆಗೆ ರಜಾ ಸಿಕ್ಕಾಗಲೆಲ್ಲ ಇದೇ ಕೆಲಸ. ಖಾಲಿ ಪಾತ್ರೆ, ಖಾಲಿ ಡಬ್ಬ, ಬರೀ ಕೋಲಿನಲ್ಲಿ ಮುದ್ದೆ ತಿರುವುವುದು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಕಿಸಕ್ಕೆಂದು ನಗುವರು. ಅತ್ತೆ ಮೊದಮೊದಲು ನನಗೆ ಬೈಯುತ್ತಿದ್ದರು, ಆಮೇಲಾಮೇಲೆ ಜವರಪ್ಪನಿಗೆ ಬೈಯತೊಡಗಿದರು. ಅದು ಒಳ್ಳೆಯ ಲಕ್ಷಣ. "ಕಟ್ಟೆ ಒಂದು ಗೇಣು ಇಳ್ಸೋ, ನಾನೇನು ಅಟ್ಟದ ಮೇಲೆ ಅಡಿಗೆ ಮಾಡ್ಲಾ?" "ಕಟ್ಟೆಗೊಂದು ಅಂಚು ಇಡೋ, ಪಾತ್ರೆ ಜಾರಿದ್ರೆ ನಿಂತ್ಕೊಳ್ಲಿ." "ಬಾಗ್ಲು ಒಳಗೆ ತೆಗೀಬಾರ್ದು, ನನ್ನ ಹಣೆಗೆ ಬಡೀತದೆ." ಅವನು ಪ್ರತಿಸಲವೂ ಗೊಣಗಿಕೊಂಡು ಇಟ್ಟಿಗೆ ಸರಿಸುತ್ತಿದ್ದ. ಕೆಂಪರಾಜ್ ಫೋಟೋದಲ್ಲಿದ್ದ ಅಡುಗೆಮನೆ ಕರಗಿಹೋಗಿ, ನಿಧಾನಕ್ಕೆ ಅತ್ತೆಯ ಅಡುಗೆಮನೆ ಅಂಗಳದಲ್ಲಿ ಮೂಡಿತು. ಅವನು, "ಇದೇನು ಗುರು, ದುಡ್ಡು ಕೊಟ್ಟು ಗಿಡ್ಡ ಕಟ್ಟೆ ಕಟ್ಟಿಸ್ಕೊಳ್ಳೋದು," ಎಂದು ನಿಟ್ಟುಸಿರು ಬಿಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯುಗಾದಿಯಾಗಿ ಒಂದು ಶನಿವಾರ ಜವರಪ್ಪನ ಆಳುಗಳು ಹಳೆಯ ಅಡುಗೆಮನೆಯ ಚಪ್ಪಡಿ ಇಳಿಸಿದರು. ಮನೆಯ ಸಾಮಾನೆಲ್ಲ ಅಂಗಳಕ್ಕೆ ಬಂತು. ಭಾನುವಾರ ಬೆಳಗ್ಗೆ ಮೊದಲ ನಿಜವಾದ ಅಡುಗೆ ಇಟ್ಟಿಗೆಯ ಅಡುಗೆಮನೆಯಲ್ಲಿ ಆಗಬೇಕು. ನನಗೆ ಅದು ಪರೀಕ್ಷೆಯ ದಿನ. ಎಣ್ಣೆಸ್ನಾನ ಮಾಡಿ, ಒದ್ದೆಕೂದಲು ಇಳಿಬಿಟ್ಟುಕೊಂಡು ಅಂಗಳಕ್ಕೆ ಬಂದರೆ, ಗ್ಯಾಸು ಖಾಲಿ. ಇನ್ನೊಂದು ಸಿಲಿಂಡರ್ ಬಂದಿರಲಿಲ್ಲ. ಅತ್ತೆ, "ಅದಕ್ಯಾಕೆ ಮುಖ ಬಾಡಿಸ್ಕೊಂತೀಯ? ಪಕ್ಕದಲ್ಲಿ ಮೂರು ಕಲ್ಲು ಹೂಡು, ಸೌದೆ ತಾ. ಮೊದ್ಲು ಒಂದು ಹಂಡೆ ನೀರು ಕಾಯಿಸು, ಈ ಪಾತ್ರೆಗಳಿಗೆಲ್ಲ ಇಟ್ಟಿಗೆ ಧೂಳು ಹತ್ಯದೆ," ಎಂದರು. ನಾನು ಹಾಗೆಯೇ ಮಾಡಿದೆ. ಅತ್ತೆ ಇಟ್ಟಿಗೆ ಸಾಲಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಹುರುಳಿಕಾಳು ಕೇರುತ್ತಿದ್ದರು.

ಈಗ ಆ ಅಂಗಳವನ್ನು ಎದುರುಮನೆಯಿಂದ ನೋಡಿ. ನಮ್ಮ ಕಡೆ ಚಪ್ಪರವಿಲ್ಲದೆ, ಹಬ್ಬವಿಲ್ಲದೆ, ಮನೆಮುಂದೆ ಮೂರು ಕಲ್ಲು ಹೂಡಿ ಹಂಡೆ ನೀರು ಕಾಯಿಸುವುದು ಒಂದೇ ಕಾರಣಕ್ಕೆ. ಹೆಣ ತೊಳೆಯುವುದಕ್ಕೆ. ಒಲೆಯ ಪಕ್ಕದಲ್ಲಿ ಅತ್ತೆಯ ಖಾಲಿ ಮಂಚ. ಕೂದಲು ಕೆದರಿಕೊಂಡ ಸೊಸೆ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ. ಜಗಲಿಯ ಮೇಲೆ ಮಗ, ಧೂಳಿಗೆಂದು ತಲೆಗೆ ಟವೆಲ್ ಹೊದ್ದುಕೊಂಡು, ಹಲ್ಲುನೋವಿಗೆ ಕೆನ್ನೆಗೆ ಕೈ ಕೊಟ್ಟುಕೊಂಡು. ಇನ್ನೇನು ಬೇಕು? ಇಷ್ಟು ದಿನ ಮೂರು ಕಲ್ಲಿರಲಿ, ಒಂದು ಕಡ್ಡಿಯನ್ನೂ ಅಲ್ಲಿ ಗೀರದ ನಮ್ಮಿಬ್ಬರಿಗೂ ಅದು ಹೊಳೆಯಲೇ ಇಲ್ಲ.

ಎದುರುಮನೆಯ ಗೋಪಾಲಪ್ಪ ಹಲ್ಲುಜ್ಜುತ್ತಾ ಆಚೆ ಬಂದವರು ನೋಡಿದ್ದಾರೆ. ಸಾವಿನ ಮನೆಯವರನ್ನು ದೂರದಿಂದ ಕೂಗಿ ಕೇಳಬಾರದು ಎಂಬ ದೊಡ್ಡತನ ಅವರದು. ಒಳಗೆ ಹೋಗಿ, ಹತ್ತಿರದವರಿಗೆಲ್ಲ ಫೋನು ಮಾಡಿ, ನೆಲಮಂಗಲದ ಪ್ರಮೋದಕ್ಕನಿಗೂ ಸುದ್ದಿ ಮುಟ್ಟಿಸಿ, ಆಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು ನನ್ನ ಮುಂದೆ ತಲೆತಗ್ಗಿಸಿ ನಿಂತರು.

"ಯಾವ ಹೊತ್ನಲ್ಲಿ ಹೋಯ್ತಮ್ಮಾ ಜೀವ?" ಎಂದರು.

ನನಗೆ ಗ್ಯಾಸಿನ ಮೇಲೇ ಧ್ಯಾನ, ‘ಹೋಯ್ತಮ್ಮಾ’ ಎಂಬುದಷ್ಟೇ ಕಿವಿಗೆ ಬಿತ್ತು. "ಬೆಳಗ್ಗೆ ನೋಡಿದ್ರೆ ಇರ್ಲೇ ಇಲ್ಲ ಗೋಪಾಲಪ್ಪ," ಎಂದೆ.

"ಪುಣ್ಯಾತ್ಗಿತ್ತಿ. ನರಳ್ಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಇಟ್ಟಿಗೆ ಸಾಲಿನ ಹಿಂದಿನಿಂದ, ಹೊಗೆಯೊಳಗಿಂದ, "ಯಾರ್ದೋ ಗೋಪಾಲಪ್ಪ? ಯಾರು ಹೋದ್ರು?" ಎಂದು ಅತ್ತೆಯ ದನಿ ಬಂತು. ಗೋಪಾಲಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಮಂಚಕ್ಕೆ ಕಾಲು ತಗಲಿ, ಅದರ ಮೇಲೆಯೇ ಕುಸಿದು ಕುಳಿತರು.

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಬೀದಿ ತುಂಬಿತ್ತು. ಒಬ್ಬರಂತೂ ಹೊಸಕೋಟೆಯಿಂದ ದಪ್ಪ ಹಾರವನ್ನೇ ತಂದಿದ್ದರು. ನನಗೆ ನಾಚಿಕೆಯೋ, ನಗುವೋ, ಗೋಪಾಲಪ್ಪನ ಮೇಲೆ ಸಿಟ್ಟೋ, ಒಂದೂ ತಿಳಿಯದೆ ನಿಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ಅತ್ತೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ.

"ಸತ್ತ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿಯಂತೆ. ಬಂದಿದ್ದು ಒಳ್ಳೇದಾಯ್ತು. ಯಾರೂ ಹಸ್ಕೊಂಡು ಹೋಗ್ಬಾರ್ದು, ಕೂತ್ಕೊಳ್ರಿ," ಎಂದರು. "ಆ ಹಾರನ ಜವರಪ್ಪನ ಗಾರೆ ಕಲ್ಸೋ ಮೆಷಿನ್ನಿಗೆ ಹಾಕ್ರಪ್ಪ, ಬಾಡೋಗ್ತದೆ."

ನಾನು ಹಿಟ್ಟಿನ ಡಬ್ಬ ತೆಗೆದುಕೊಡಲು ಹೋದರೆ ಕೈ ತಳ್ಳಿದರು. ಸೌದೆ ಒಲೆಯ ಮೇಲೆ ದೊಡ್ಡ ಪಾತ್ರೆ ಇಡಿಸಿದರು. ಕಟ್ಟೆಗೂ ಒಲೆಗೂ ನಡುವೆ, ಎರಡು ತಿಂಗಳು ಖಾಲಿ ಡಬ್ಬಗಳ ಜೊತೆ ಆಡಿದ್ದ ಆಟವನ್ನೇ ಈಗ ತುಂಬಿದ ಡಬ್ಬಗಳ ಜೊತೆ ಆಡಿದರು. ಕೈ ಎಲ್ಲೂ ತಡಕಾಡಲಿಲ್ಲ. ಬೀದಿಯಲ್ಲಿ ಕಿಸಕ್ಕೆಂದು ನಕ್ಕಿದ್ದ ಜನವೇ ಸಾಲಾಗಿ ಕುಳಿತು ಮುದ್ದೆ, ಹುರುಳಿಕಾಳು ಬಸ್ಸಾರು ಉಂಡರು.

ಪ್ರಮೋದಕ್ಕನಿಗೆ ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ. ಬೀದಿಯ ತುದಿಯಲ್ಲಿ ಕಾರು ನಿಂತ ಸದ್ದಿನ ಹಿಂದೆಯೇ ಅವಳ ಗೋಳು ಕೇಳಿಸಿತು. ಎದೆ ಬಡಿದುಕೊಂಡು ಓಡಿಬರುತ್ತಿದ್ದಳು. "ನನ್ನವ್ವಾ! ನನ್ನ ಬಿಟ್ಟು ಹೋದ್ಯೇನವ್ವಾ! ನಿನ್ನ ಕೈ ಮುದ್ದೆ ಇನ್ನೆಲ್ಲಿ ಉಣ್ಣಲಿ ನನ್ನವ್ವಾ!"

"ಇಲ್ಲೇ ಉಣ್ಣು ಬಾ," ಎಂದರು ಅತ್ತೆ, ಮುದ್ದೆ ಕಟ್ಟುತ್ತಾ. "ಕೈಕಾಲು ತೊಳ್ಕೊ ಮೊದ್ಲು."

ಪ್ರಮೋದಕ್ಕ ಅವರನ್ನು ತಬ್ಬಿಕೊಂಡು ಅತ್ತದ್ದನ್ನು ನೋಡಿ ಅಲ್ಲಿದ್ದವರೆಲ್ಲ ಅತ್ತರು, ನಾನೂ. ಅವಳ ಅಳು ನಿಲ್ಲುವವರೆಗೂ ಅತ್ತೆ ಹಿಟ್ಟಿನ ಕೈಯನ್ನು ದೂರ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಮೆಲ್ಲಗೆ, "ಸತ್ತ ಮೇಲೆ ನನ್ನ ಕೈ ಮುದ್ದೆ ಕೇಳ್ತೀಯಲ್ಲ ಮಗಳೇ, ಬದುಕಿರೋವಾಗ ಯಾಕೆ ಕೈ ಕಟ್ಕೊಂಡು ಕೂತ್ಕೊ ಅಂತೀಯ?" ಎಂದರು. ಪ್ರಮೋದಕ್ಕ ಮೂಗೊರೆಸಿಕೊಂಡು, ಜವರಪ್ಪನ ಕಡೆ ತಿರುಗಿ, "ನಮ್ಮವ್ವ ಹೆಂಗೆ ಹೇಳಿದ್ರೆ ಹಂಗೇ ಕಟ್ಟು. ಒಂದಿಟ್ಟಿಗೆ ಆಚೀಚೆ ಆಯ್ತೋ, ನಾನು ಸುಮ್ನಿರಲ್ಲ," ಎಂದು ಅವನ ಮೇಲೆ ಹರಿಹಾಯ್ದಳು. ಜವರಪ್ಪ ಪಾಪ, ಊಟಕ್ಕೆ ಕುಳಿತಿದ್ದ.

ಮಳೆ ಹಿಡಿಯುವ ಮುಂಚೆ ಅಡುಗೆಮನೆ ಎದ್ದಿತು. ಕಟ್ಟೆ, ಅಂಚು, ಬಾಗಿಲು, ಎಲ್ಲ ಅಂಗಳದಲ್ಲಿದ್ದ ಹಾಗೆಯೇ. ಹಾಲು ಉಕ್ಕಿಸಿದ್ದಾಯಿತು. ಮಾರನೆಯ ದಿನ ಅತ್ತೆ ಮುದ್ದೆಗೆ ಎಸರಿಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ತಲೆಯನ್ನು ಅತ್ತ ಇತ್ತ ತಿರುಗಿಸಿದರು, ಕಿವಿ ಕೊಟ್ಟರು, ತಡಬಡಾಯಿಸಿ ಹಿಟ್ಟು ಸುರಿದರು. ಆಗಲೇ ಹೊತ್ತು ಮೀರಿತ್ತು. ಮುದ್ದೆಯೆಲ್ಲ ಗಂಟು. ಅದನ್ನು ಪಾತ್ರೆ ಸಮೇತ ಎತ್ತಿಸಿ ದನಕ್ಕೆ ಹಾಕಿಸಿ, ಪಡಸಾಲೆಗೆ ಹೋಗಿ ಕಂಬಕ್ಕೆ ಒರಗಿ ಕುಳಿತರು.

ಅಂಗಳದಲ್ಲಿ ಎಲ್ಲವನ್ನೂ ಅಳೆದಿದ್ದೆವು. ಗೋಡೆ ಮಾತ್ರ ಇರಲಿಲ್ಲ. ಅದರಿಂದಲೇ ಎಡವಟ್ಟು ಎಂದು ಆಗ ಯಾರ ತಲೆಗೂ ಹೋಗಲಿಲ್ಲ. ಆ ವಾರವೆಲ್ಲ ಶಿಫ್ಟಿಗೆ ಮುಂಚೆ ನಾನೇ ಬೇಯಿಸಿಟ್ಟು ಓಡಿದೆ. ಮನೆಗೆ ಬಂದು ತಣ್ಣನೆಯ ಅನ್ನ ಉಂಡೆವು. ಅತ್ತೆ ತಟ್ಟೆ ಇಟ್ಟರೆ ಉಣ್ಣುವರು, ತೆಗೆದರೆ ಸುಮ್ಮನಿರುವರು. ಬೈಯಲಿಲ್ಲ. ನಾನು ಬೇಕೆಂದೇ ಸಾರಿಗೆ ಹುಳಿ ಹೆಚ್ಚು ಹಾಕಿದೆ, ಆಗಲೂ ಬೈಯಲಿಲ್ಲ.

ಆಮೇಲೊಂದು ದಿನ ಶಿಫ್ಟು ಮುಗಿಸಿ ಬಂದರೆ ಕೆಂಪರಾಜ್ ಅಡುಗೆಮನೆಯಲ್ಲಿ ಸ್ಟೂಲು ಹತ್ತಿದ್ದಾನೆ. ಅವನು ಆರಿಸಿ ತಂದ ಹೊಳೆಯುವ ಟೈಲ್ಸಿನ ಮೇಲೆ, ಒಲೆಯ ಕಟ್ಟೆಯೊಂದನ್ನು ಬಿಟ್ಟು ಉಳಿದ ಮೂರೂ ಕಡೆ, ಹಳೆಯ ಗೋಣಿತಾಟುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದಾನೆ. ಮುಖ ನೋಡಬೇಕಿತ್ತು ಅವನದು! ಕೆಳಗೆ ನಿಂತ ಅತ್ತೆ, "ಇನ್ನೂ ಬಿಗಿಯಾಗಿ ಎಳ್ಯೋ," ಎಂದು ಗದರುತ್ತಿದ್ದರು.

"ಏನತ್ತೆ ಇದು?"

"ಈ ಗೋಡೆ ಎದುರುಮಾತಾಡ್ತದೆ ಕಣೇ. ಎಸರು ಇಲ್ಲಿ ಕುದ್ದರೆ ಅಲ್ಲೆಲ್ಲೋ ಕೂಗ್ತದೆ. ನಮ್ಮ ಹಳೇ ಮಣ್ಗೋಡೆ ಹಂಗಾ? ಬಾಯಿ ಬಿಡ್ತಿರ್ಲಿಲ್ಲ. ಒಂದು ವಾರ ಕೂತು ಯೋಚ್ನೆ ಮಾಡ್ದೆ, ಆಮೇಲೆ ತಿಳೀತು. ಹೋಗು, ಕೈಕಾಲು ತೊಳ್ಕೊಂಡು ಬಾ."

ನಾನು ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ಪಾತ್ರೆಯಲ್ಲಿ ಕೋಲು ಆಡುವ ಸದ್ದು ಕೇಳುತ್ತಿತ್ತು. ಒಂದೇ ಸಮನೆ, ಎಲ್ಲೂ ತಡವರಿಸದೆ. ನೆಲದ ಮೇಲೆ ಒಂದು ತಟ್ಟೆ ಇಟ್ಟಿತ್ತು. ಒಂದೇ. ಕೆಂಪರಾಜ್ ಗೋಡೆಗೊರಗಿ ಕೈ ಕಟ್ಟಿಕೊಂಡು ಕುಳಿತಿದ್ದ. ಅತ್ತೆ ನನ್ನ ಭುಜ ಹಿಡಿದು ತಟ್ಟೆಯ ಮುಂದೆ ಕೂರಿಸಿ, ಹೊಗೆಯಾಡುವ ಮುದ್ದೆ ಇಟ್ಟು, ಸಾರು ಬಿಟ್ಟರು. ದನಕ್ಕೆ ಹೋದ ಗಂಟುಮುದ್ದೆ ಲೆಕ್ಕಕ್ಕಿಲ್ಲ, ಇದೇ ಮೊದಲನೆಯದು. ನಮ್ಮಲ್ಲಿ ಹೊಸ ಒಲೆಯ ಮೊದಲ ಮುದ್ದೆ ಮನೆದೇವರಿಗೆ ಎಡೆ ಹೋಗಬೇಕು. ಆಮೇಲೆ ಗಂಡಸರಿಗೆ, ಸೊಸೆಗೆ ಎಲ್ಲರೂ ಉಂಡಾದ ಮೇಲೆ. ನನಗೆ ಗಾಬರಿಯಾಯಿತು.

"ಅತ್ತೆ, ಎಡೆ ಇಕ್ಕಿದ್ರಾ?"

"ಇಕ್ಕಿದೀನಿ."

ನಾನು ದೇವರ ಗೂಡಿನ ಕಡೆ ನೋಡಿದೆ. ಅಲ್ಲಿ ದೀಪ ಉರಿಯುತ್ತಿತ್ತು, ಎಲೆ ಇರಲಿಲ್ಲ. "ಎಲ್ಲಿ ಅತ್ತೆ?" ಎಂದೆ.

"ನಿನ್ನ ಮುಂದೆ ಐತಲ್ಲ," ಎಂದರು.

ಕೆಂಪರಾಜ್ ನೆಲ ನೋಡುತ್ತಿದ್ದ. ಇಷ್ಟು ವರ್ಷ ಅವರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತು ಬಾಯಿಗೆ ಬಂತು. "ನೀವಿಲ್ದಿದ್ರೆ ನಾನೇನೂ ಆಗ್ತಿರ್ಲಿಲ್ಲ ಅತ್ತೆ," ಎಂದೆ. ಹೇಳಿಯೇಬಿಟ್ಟೆ. ಬಿಕ್ಕಳಿಕೆಯಲ್ಲಿ ಅದು ಅರ್ಧ ಕೇಳಿಸಿತೋ ಇಲ್ಲವೋ. ಅತ್ತೆಯ ಕೈ ಗಾಳಿಯಲ್ಲಿ ಬಂದು, ನನ್ನ ಕೆನ್ನೆ ಹುಡುಕಿ, ಒದ್ದೆಯನ್ನು ಮುಟ್ಟಿ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಆರೋಗ್ತದೆ," ಎಂದರು. "ಉಣ್ಣೇ ಸುಮ್ನೆ."